ಕೇಳಿ ಕಲಿಯುವ ಕನ್ನಡ

ಕೇಳಿ ಕಲಿಯುವುದು ನಮಗೆ ಹೊಸತಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿಯೇ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದ್ದರು. ಆದರೆ ಬಾನುಲಿಯ ಪಾಠವು ತರಗತಿಯ ವೇಳೆಗೆ ಹೊಂದದಿದ್ದರೆ ತಪ್ಪಿಹೋಯಿತೆಂದೇ ಅರ್ಥ. ೨೦೦೪ರಲ್ಲಿ ಹೆಸರು ಪಡೆದ ಪಾಡ್‌ಕಾಸ್ಟ್ ಈ ಕೊರತೆಯನ್ನು ನೀಗಿದೆ. ಮೊಬೈಲಿನಲ್ಲಿ ಬೇಕೆಂದಾಗ ಕೇಳಬಹುದು, ನಿಲ್ಲಿಸಬಹುದು, ಮರಳಿ ಕೇಳಬಹುದು.

ಸಂಘಗಳ ಭಾನುವಾರದ ಕನ್ನಡ ತರಗತಿಗಳಿಗೆ ಇದರ ಅಗತ್ಯ ಹೆಚ್ಚು. ಅಲ್ಲಿ ಕಲಿಸುವವರು ಬಹುಮಟ್ಟಿಗೆ ತರಬೇತಿಯಿಲ್ಲದ ಗೃಹಿಣಿಯರು, ನನ್ನಂತಹ ನೌಕರರು. ಮುಂಬಯಿಯ ಲೋಕಲ್ ರೈಲಿನಲ್ಲಿ ಅನುಭವಿ ಶಿಕ್ಷಕರ ಸಂಭಾಷಣೆಯನ್ನು ಆಲಿಸಿದವರು ತರಗತಿಗೆ ಬರಿಗೈಯಲ್ಲಿ ಹೋಗಬೇಕಾಗಿಲ್ಲ.

ಆದರೆ ಮೊಬೈಲನ್ನು ಮೇಜಿನ ಮೇಲಿಟ್ಟು ಶಿಕ್ಷಕರು ಸುಮ್ಮನೆ ಕೂಡುವುದು ಪಾಠವಲ್ಲ. ಐದು ನಿಮಿಷದ ಭಾಗವೊಂದನ್ನು ಮೊದಲೇ ಆರಿಸಿ, ಪ್ರಶ್ನೆಯನ್ನು ಮುಂದಿಟ್ಟು ಕೇಳಿಸಬೇಕು. ನಡುವೆ ನಿಲ್ಲಿಸಿ ಮಕ್ಕಳನ್ನು ಮಾತನಾಡಿಸಬೇಕು. ಮಕ್ಕಳೇ ಧ್ವನಿಮುದ್ರಿಸಿದರಂತೂ ಇನ್ನೂ ಲೇಸು. ಕಳೆದ ವರ್ಷ ಬಾಲಕಿಯೊಬ್ಬಳು ಕುಂದಾಪುರದ ಮಳೆಗಾಲವನ್ನು ಕುರಿತ ಅಜ್ಜಿಯ ಮಾತುಗಳನ್ನು ಮುದ್ರಿಸಿ ತಂದಳು. ಜೊತೆಗೆ ತನಗೆ ತಿಳಿಯದ ಹನ್ನೊಂದು ಪದಗಳ ಪಟ್ಟಿ. ಅವುಗಳಲ್ಲಿ ನಾಲ್ಕು ನನಗೂ ತಿಳಿದಿರಲಿಲ್ಲ!

ಮನೆಯಲ್ಲಿ ಕನ್ನಡ ಕೇಳಿಬರದಿದ್ದರೆ ಯಾವ ಯಂತ್ರವೂ ಮಕ್ಕಳಿಗೆ ಅದನ್ನು ಉಳಿಸಿಕೊಡಲಾರದು. ಹಿರಿಯರು ನಮ್ಮೊಡನೆ ಇರುವಾಗಲೇ ಅವರ ಧ್ವನಿಗಳನ್ನು ಸಂಗ್ರಹಿಸಿ ತರಗತಿಗೆ ಒದಗಿಸುವ ಕಾರ್ಯವನ್ನು ಸಂಘವು ಈ ವರ್ಷವೇ ಕೈಗೊಳ್ಳಬೇಕೆಂದು ನನ್ನ ಸವಿನಯ ವಿನಂತಿ.