ಅಳಿಯನ ನಾಲ್ಕು ಊರುಗಳು



ಕಳೆದ ತಿಂಗಳು ರಾಯಾಪುರದ ನನ್ನ ತಂಗಿಯ ಮನೆಯಲ್ಲಿ ಒಂದು ಸಭೆ ನಡೆಯಿತು. ಸಭೆಯೆಂದರೆ ನಾವು ಏಳೆಂಟು ಜನ ಸಂಬಂಧಿಕರು, ಎರಡು ಸುತ್ತು ಚಹಾ, ಒಂದು ತಟ್ಟೆ ಚುರಮುರಿ. ಅಧ್ಯಕ್ಷತೆ ನನ್ನದು. ಹಿರಿಯನೆಂಬ ಕಾರಣಕ್ಕೆ ಅರ್ಧ. ಉಳಿದರ್ಧ, ವಿಚಾರಣೆಗೆ ಗುರಿಯಾದವನು ನನ್ನ ಸೋದರಳಿಯನಷ್ಟೇ ಅಲ್ಲದೆ ಎಂಟರಿಂದ ಹತ್ತನೆಯ ಇಯತ್ತೆಯವರೆಗೆ ನನ್ನಲ್ಲಿ ಭೂಗೋಳ ಓದಿದವನೂ ಆಗಿದ್ದುದರಿಂದ. (ಶಾಲೆಯಲ್ಲಿ ‘ಸರ್’, ಮನೆಯಲ್ಲಿ ‘ಮಾಮಾ’. ಒಮ್ಮೆ ತರಗತಿಯಲ್ಲಿ ಬಾಯ್ತಪ್ಪಿ ‘ಮಾಮಾ’ ಎಂದು ಕೂಗಿ ಇಡೀ ವರ್ಗವನ್ನು ನಗಿಸಿದ್ದನ್ನು ಅವನ ಸಹಪಾಠಿಗಳಾದ ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ.) “ಅಣ್ಣಾ, ನೀನರೆ ಸ್ವಲ್ಪ ಹೇಳು. ನಿನ್ನ ಮಾತು ಅಂದ್ರ ಕೇಳ್ತಾನ” ಎಂದು ತಂಗಿ ದೂರವಾಣಿಯಲ್ಲಿ ಹೇಳಿದ್ದರಿಂದ ನಾನು ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಹೊರಟಿದ್ದೆ.

ಅಳಿಯನಿಗೆ ಈಗ ಮೂವತ್ನಾಲ್ಕು. ಜರ್ಮನಿಯ ಒಂದು ಕಂಪನಿಗೆ ಗುತ್ತಿಗೆಯ ಮೇಲೆ ತಂತ್ರಾಂಶ ಬರೆದುಕೊಡುತ್ತಾನೆ. ಕಚೇರಿಯೆಂಬುದಿಲ್ಲ. ಗಣಕಯಂತ್ರವೂ ಅಂತರ್ಜಾಲವೂ ಇದ್ದಲ್ಲಿ ಅವನ ಕಚೇರಿ. ಹಾಗಿರುವಾಗ ಅವನು ಒಂದು ಹಾಳೆಯ ಮೇಲೆ ನಾಲ್ಕು ಊರುಗಳ ಹೆಸರು ಬರೆದುಕೊಂಡು ಕುಳಿತಿದ್ದ: ಥಾಯ್ಲೆಂಡಿನ ಚಿಯಾಂಗ್ ಮಾಯ್, ವಿಯೆಟ್ನಾಮಿನ ದಾ ನಾಂಗ್, ಇಂಡೋನೇಷ್ಯಾದ ಬಾಲಿ, ಮಲೇಷ್ಯಾದ ಪೆನಾಂಗ್. ಇವುಗಳಲ್ಲಿ ಒಂದರಲ್ಲಿ ಒಂದು ವರ್ಷ ಇದ್ದು ಬರುತ್ತೇನೆಂಬುದು ಅವನ ಸಂಕಲ್ಪ. ಮನೆಯವರದು ಒಂದೇ ಪ್ರಶ್ನೆ: ಎಲ್ಲಿ ಕುಳಿತರೂ ಆಗುವ ಕೆಲಸವನ್ನು ರಾಯಾಪುರದಲ್ಲಿ ಕುಳಿತು ಮಾಡಿದರೆ ಏನು ಕೊರತೆ?

ಪ್ರಶ್ನೆ ಸಣ್ಣದಲ್ಲ. ಹುಬ್ಬಳ್ಳಿ ಧಾರವಾಡಗಳ ನಡುವೆ, ಎರಡೂ ಊರಿಗೆ ಸೇರಿ ಎರಡಕ್ಕೂ ಸೇರದಂತಿದ್ದ ಈ ರಾಯಾಪುರ ಇಂದು ಹಿಂದಿನ ರಾಯಾಪುರವಲ್ಲ. ಇಸ್ಕಾನ್ ಮಂದಿರದ ಮುಂದಿನ ರಸ್ತೆಯ ನಡುವೆ ಚಿಗರಿ ಬಸ್ಸುಗಳಿಗೆ ಪ್ರತ್ಯೇಕ ಹಾದಿಯಿದೆ. ಧಾರವಾಡಕ್ಕೆ 2016ರಲ್ಲಿ ಐಐಟಿ ಬಂದಿತು, 2023ರಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲು ಆರಂಭವಾಯಿತು. ಸರ್ಕಾರವೂ ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ತಂತ್ರಾಂಶದ ಕೆಲಸವನ್ನು ಹುಬ್ಬಳ್ಳಿ, ಮೈಸೂರು, ಮಂಗಳೂರುಗಳ ಕಡೆಗೆ ಹರಿಸಲು ಪ್ರಯತ್ನಿಸುತ್ತಿದೆ. ಇಷ್ಟೆಲ್ಲ ಇರುವಾಗ ಸಮುದ್ರ ದಾಟುವುದೇಕೆ ಎಂದು ನಾನೂ ಅಂದುಕೊಂಡೇ ಬಸ್ಸಿನಿಂದ ಇಳಿದಿದ್ದೆ.

ಮೊದಲು ಹಳೆಯ ಚಟದಂತೆ ಲೆಕ್ಕ ಹಾಕಿಸಿದೆ. ಭೂಮಿ ಹದಿನೈದು ಅಂಶ ತಿರುಗಿದರೆ ಒಂದು ಗಂಟೆ. ಭಾರತದ ಕಾಲಮಾನ ಎಂಬತ್ತೆರಡೂವರೆ ಅಂಶ ಪೂರ್ವ ರೇಖಾಂಶದ್ದು. ಜರ್ಮನಿಯಲ್ಲಿ ಚಳಿಗಾಲದ ಬೆಳಗಿನ ಒಂಬತ್ತಾದಾಗ ರಾಯಾಪುರದಲ್ಲಿ ಮಧ್ಯಾಹ್ನ ಒಂದೂವರೆ, ಚಿಯಾಂಗ್ ಮಾಯ್, ದಾ ನಾಂಗ್‌ಗಳಲ್ಲಿ ಮೂರು, ಬಾಲಿ, ಪೆನಾಂಗ್‌ಗಳಲ್ಲಿ ನಾಲ್ಕು. ಅಲ್ಲಿ ಸಂಜೆ ಐದಕ್ಕೆ ಕಚೇರಿ ಮುಚ್ಚುವ ಹೊತ್ತಿಗೆ ನಮ್ಮಲ್ಲಿ ರಾತ್ರಿ ಒಂಬತ್ತೂವರೆ, ಪೆನಾಂಗ್‌ನಲ್ಲಿ ನಡುರಾತ್ರಿ. (ಇನ್ನೊಂದು ಸ್ವಾರಸ್ಯ: ಪೆನಾಂಗ್‌ನ ರೇಖಾಂಶ ನೂರರ ಆಸುಪಾಸು. ಸೂರ್ಯನನ್ನು ನಂಬಿದರೆ ಅಲ್ಲಿಯ ಗಡಿಯಾರ ಇಷ್ಟು ಮುಂದಿರಬಾರದು. ಪೂರ್ವ ಮಲೇಷ್ಯಾದೊಡನೆ ಹೊಂದಿಕೆಯಾಗಲೆಂದು 1982ರ ಜನವರಿ 1ರಿಂದ ಪಶ್ಚಿಮದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದರು. ಅದಕ್ಕಾಗಿಯೇ ಅಲ್ಲಿ ಬೆಳಗಿನ ಏಳರ ಸುಮಾರಿಗೆ ಸೂರ್ಯೋದಯ.) ಹೀಗೆ ಗಡಿಯಾರದ ಪರೀಕ್ಷೆಯಲ್ಲಿ ರಾಯಾಪುರಕ್ಕೇ ಮೊದಲ ಸ್ಥಾನ. ಬಂಧುಗಳ ಮುಖ ಅರಳಿತು. ಅಧ್ಯಕ್ಷರು ಸರಿಯಾದ ದಾರಿ ಹಿಡಿದಿದ್ದಾರೆಂದು ಎಲ್ಲರಿಗೂ ಅನಿಸಿತು.

ಆಗ ಅಳಿಯ ಶಾಂತವಾಗಿ ಒಂದು ಮಾತು ಹೇಳಿದ: “ಮಾಮಾ, ಇಲ್ಲಿ ನಾ ಕೆಲಸಾ ಮಾಡೂದು ಯಾರ ಕಣ್ಣಿಗೂ ಬೀಳಂಗಿಲ್ರಿ.”

ನಾನು ತಲೆ ತಗ್ಗಿಸಿದೆ. 2020ರ ಮಾರ್ಚಿನಿಂದ 2022ರವರೆಗೆ ಅವನು ಇದೇ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ದುಡಿದವನು. ಮನೆಯಲ್ಲಿದ್ದವನು ಬಿಡುವಾಗಿದ್ದಾನೆಂಬುದು ನಮ್ಮೆಲ್ಲರ ತೀರ್ಪಾಗಿತ್ತು. ಸಿಲಿಂಡರ್ ಬಂದರೆ ಅವನನ್ನು ಕರೆಯುವುದು, ಚಿಕ್ಕಮ್ಮನನ್ನು ಸತ್ತೂರಿನ ಆಸ್ಪತ್ರೆಗೆ ಒಯ್ಯಲು ಅವನನ್ನು ಕಳಿಸುವುದು, ಯಾರದೋ ಮಗನ ಅರ್ಜಿ ತುಂಬಿಕೊಡಲು ಅವನನ್ನು ಕೆಳಗಿಳಿಸುವುದು. ನಾನೇ ಒಮ್ಮೆ ನನ್ನ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕಾಗಿ, ಅವನು ಹತ್ತು ಜನರೊಡನೆ ಪರದೆಯ ಮೇಲೆ ಮಾತನಾಡುತ್ತಿದ್ದಾಗ, ಬಾಗಿಲು ತಟ್ಟಿ ಎಬ್ಬಿಸಿದ್ದೆ. ಆತ ಕಿವಿಯ ಯಂತ್ರ ಕಳಚಿ, ನಗುತ್ತಲೇ ಕೆಳಗೆ ಬಂದ. ಆ ದಿನ ಅವನು ಮಂಡಿಸಬೇಕಾಗಿದ್ದ ವಿಷಯವನ್ನು ಬೇರೆಯವರು ಮಂಡಿಸಿದರೆಂಬುದು ನನಗೆ ತಿಳಿದದ್ದು ಎರಡು ವರ್ಷಗಳ ಮೇಲೆ. ಶಾಲೆಯಲ್ಲಿ ಪಾಠ ನಡೆದಿರುವಾಗ ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ನಾನು ಎಷ್ಟು ಸಿಡುಕುತ್ತಿದ್ದೆನೆಂಬುದು ನಿಮಗೆಲ್ಲ ಗೊತ್ತಿದೆ.

ಇನ್ನೊಂದು ಕೊರತೆಯನ್ನೂ ಅವನು ಹೇಳಿದ. ತನ್ನ ವೃತ್ತಿಯ ಮಾತನ್ನು ಆಡಲು ಓಣಿಯಲ್ಲಿ ಒಬ್ಬರೂ ಇಲ್ಲ. ಆಡುವವರೆಲ್ಲ ಅವನ ಮದುವೆಯ ಮಾತನ್ನೇ ಆಡುತ್ತಾರೆ. ಇದಕ್ಕೆ ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ, ಏಕೆಂದರೆ ಅಲ್ಲಿದ್ದ ಎಲ್ಲರೂ ಆರೋಪಿಗಳೇ.

ಹಾಗಾದರೆ ಯಾವ ಊರು? ಇಲ್ಲಿ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ಈ ಮಕ್ಕಳು ಊರನ್ನು ಆರಿಸುವಾಗ ಮೊದಲು ನೋಡುವುದು ಬಾಡಿಗೆ ಮತ್ತು ಅಂತರ್ಜಾಲದ ವೇಗ. ನಾನು ಮೊದಲು ನೋಡಬೇಕೆನ್ನುವುದು ಆ ದೇಶ ಇವನನ್ನು ಯಾವ ಹೆಸರಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆಂಬುದನ್ನು. ಪ್ರವಾಸಿಯೆಂದು ಬರೆದುಕೊಟ್ಟು ಒಳಹೊಕ್ಕು, ಕೋಣೆ ಹಿಡಿದು ದುಡಿಯುತ್ತ ಕೂಡುವುದು ಅನೇಕರ ರೂಢಿಯಂತೆ. ನನಗೆ ಅದು ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದಂತೆಯೇ ಕಾಣುತ್ತದೆ. ಈಗ ಹಾಗೆ ಮಾಡುವ ಅಗತ್ಯವೂ ಇಲ್ಲ. ಮಲೇಷ್ಯಾ 2022ರಲ್ಲಿ ‘ಡಿಇ ರಂತಾವ್’ ಎಂಬ ಪರವಾನಗಿಯನ್ನು ಜಾರಿಗೆ ತಂದಿತು. ತಂತ್ರಾಂಶದವರಿಗೆ ವರ್ಷಕ್ಕೆ 24,000 ಡಾಲರಿಗಿಂತ ಹೆಚ್ಚು ಆದಾಯವಿದ್ದರೆ ಮೂರರಿಂದ ಹನ್ನೆರಡು ತಿಂಗಳ ವಾಸ, ಆ ಮೇಲೆ ನವೀಕರಣ. ಥಾಯ್ಲೆಂಡ್ 2024ರಲ್ಲಿ ತಂದ ಐದು ವರ್ಷಗಳ ವೀಸಾಕ್ಕೆ ಐದು ಲಕ್ಷ ಬಾತ್ ಠೇವಣಿಯನ್ನು ತೋರಿಸಬೇಕು. ಒಮ್ಮೆ ಒಳಹೋದರೆ 180 ದಿನ ಇರಬಹುದು. ಆದರೆ ವರ್ಷದಲ್ಲಿ 180 ದಿನ ಅಲ್ಲಿದ್ದವನು ತೆರಿಗೆಯ ದೃಷ್ಟಿಯಿಂದ ಅಲ್ಲಿಯ ನಿವಾಸಿಯಾಗುತ್ತಾನೆ, ಮತ್ತು ಹೊರದೇಶದಲ್ಲಿ ದುಡಿದದ್ದನ್ನು ಅಲ್ಲಿಗೆ ತಂದರೆ ಅದಕ್ಕೂ ತೆರಿಗೆಯುಂಟೆಂಬ ನಿಯಮವನ್ನು 2024ರಿಂದ ಬಿಗಿಗೊಳಿಸಿದ್ದಾರೆ. ಇಂಡೋನೇಷ್ಯಾ ಕೇಳುವುದು ವರ್ಷಕ್ಕೆ 60,000 ಡಾಲರ್ ಆದಾಯವನ್ನು. ಬಾಲಿಯ ಹೆಸರನ್ನು ಅಳಿಯ ಅಲ್ಲಿಯೇ ಹೊಡೆದುಹಾಕಿದ.

ದಾ ನಾಂಗ್‌ನ ವಿಷಯದಲ್ಲಿ ನನ್ನ ಮನಸ್ಸು ವಾಲಿತ್ತೆಂದು ಒಪ್ಪಿಕೊಳ್ಳಬೇಕು. ಅಕ್ಷಾಂಶದಲ್ಲಿ ಅದು ಹೆಚ್ಚುಕಡಿಮೆ ನಮ್ಮ ಬೆಳಗಾವಿಯ ಸಾಲಿನಲ್ಲಿಯೇ ಇದೆ. ಅಲ್ಲಿಂದ ಎರಡು ತಾಸಿನೊಳಗಿನ ಹಾದಿಯಲ್ಲಿ ಮೀ ಸೋನ್ ಎಂಬಲ್ಲಿ ಚಂಪಾ ಅರಸರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳೂ ಸಂಸ್ಕೃತ ಶಾಸನಗಳೂ ಇವೆ. ನಮ್ಮ ಪಟ್ಟದಕಲ್ಲು 1987ರಲ್ಲಿ ಸೇರಿದ ವಿಶ್ವ ಪರಂಪರೆಯ ಪಟ್ಟಿಗೆ ಅದು 1999ರಲ್ಲಿ ಸೇರಿತು. ಅಳಿಯ ಅಲ್ಲಿಗೆ ಹೋದರೆ ನಾನೂ ಒಮ್ಮೆ ಹೋಗಬಹುದೆಂಬ ಸ್ವಾರ್ಥ ಒಳಗಿತ್ತು. ಆದರೆ ವಿಯೆಟ್ನಾಮಿನಲ್ಲಿ ಇಂಥ ಕೆಲಸದವರಿಗೆಂದೇ ಪ್ರತ್ಯೇಕ ವೀಸಾ ಇಲ್ಲ. 2023ರಿಂದ ಕೊಡುತ್ತಿರುವ ಇ-ವೀಸಾದ ಅವಧಿ ತೊಂಬತ್ತು ದಿನ. ನನ್ನ ನಿಯಮವನ್ನು ನಾನೇ ಮುರಿಯುವಂತಿರಲಿಲ್ಲ.

ಉಳಿದವು ಎರಡು. ಥಾಯ್ಲೆಂಡ್ ಎಂಬ ಹೆಸರು ಕೇಳಿದ ಕೂಡಲೇ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬ್ಯಾಂಕಾಕಿನಲ್ಲಿ ಕೆಲಸವೆಂದು ನಂಬಿಸಿ, ಹುಡುಗರನ್ನು ಗಡಿಯಾಚೆಯ ಮ್ಯಾನ್ಮಾರಿಗೆ ಸಾಗಿಸಿ, ಅಲ್ಲಿ ಕೂಡಿಹಾಕಿ ಅಂತರ್ಜಾಲದ ವಂಚನೆ ಮಾಡಿಸುತ್ತಿದ್ದ ಸುದ್ದಿಯನ್ನು ಅವಳು ದೂರದರ್ಶನದಲ್ಲಿ ನೋಡಿದ್ದಳು. 2025ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಮರಳಿ ಕರೆತಂದದ್ದು ನಿಜವೇ. ಆ ಹುಡುಗರು ಹೋದದ್ದು ಅಪರಿಚಿತ ದಲ್ಲಾಳಿ ಕೊಡಿಸುತ್ತೇನೆಂದ ಕೆಲಸವನ್ನು ನಂಬಿ; ನಮ್ಮವನು ಹೋಗುವುದು ಕೈಯಲ್ಲಿರುವ ಕೆಲಸವನ್ನು ಹೊತ್ತುಕೊಂಡು. ಇದನ್ನು ಬಿಡಿಸಿ ಹೇಳಿದೆ. ನಿಮ್ಮ ಊರುಗಳಲ್ಲಿ ಯಾರಾದರೂ ಹುಡುಗರು ‘ಬ್ಯಾಂಕಾಕಿನಲ್ಲಿ ನೌಕರಿ’ ಎಂದು ಹೊರಟಿದ್ದರೆ ನೀವೂ ಈ ಭೇದವನ್ನು ತಿಳಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ತಾಯಿಯ ಹೆದರಿಕೆ ಆಧಾರವಿಲ್ಲದ್ದಲ್ಲ, ವಿಳಾಸ ಮಾತ್ರ ತಪ್ಪಾಗಿತ್ತು.

ಚಿಯಾಂಗ್ ಮಾಯ್ ಬೇಡವೆನ್ನಲು ನನಗಿದ್ದ ಕಾರಣ ಬೇರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ ಕಾಡುಗಳಿಗೆ ಬೆಂಕಿಯಿಕ್ಕುವುದರಿಂದ ಬೆಟ್ಟಗಳ ನಡುವಿನ ಆ ಊರಿನ ಮೇಲೆ ಹೊಗೆ ಕವಿದು ನಿಲ್ಲುತ್ತದೆ. ಅಳಿಯನಿಗೆ ಬಾಲ್ಯದಿಂದ ಉಬ್ಬಸ. ಪೆನಾಂಗ್‌ಗೂ ಕೆಲವು ವರ್ಷ ಸುಮಾತ್ರಾದ ಹೊಗೆ ಬರುವುದುಂಟು, ಆದರೆ ಪ್ರತಿವರ್ಷದ ಕಟ್ಟಳೆಯಲ್ಲ. ಧಾರವಾಡದ ತಂಪಿಗೆ ಹೊಂದಿಕೊಂಡವನಿಗೆ ಅಲ್ಲಿಯ ವರ್ಷವಿಡೀ ಬೆವರು ಕಷ್ಟವಾಗಬಹುದು. ಆದರೂ ಪೆನಾಂಗ್‌ನಲ್ಲಿ ಇಂಟೆಲ್ ಕಂಪನಿ 1972ರಲ್ಲಿ ಅಮೆರಿಕದ ಹೊರಗಿನ ತನ್ನ ಮೊದಲ ಕಾರ್ಖಾನೆ ತೆರೆದಂದಿನಿಂದ ಅದು ಯಂತ್ರವಿದ್ಯೆಯವರ ಊರು. ರಾಯಾಪುರದಲ್ಲಿ ಸಿಗದ ಮಾತು ಅಲ್ಲಿ ಸಿಕ್ಕೀತು. ಜಾರ್ಜ್ ಟೌನ್‌ನಲ್ಲಿ 1833ರ ಮಾರಿಯಮ್ಮನ ಗುಡಿಯಿದೆ, ತಮಿಳರ ಅಂಗಡಿ ಸಾಲುಗಳಿವೆ, ಇಡ್ಲಿಗೆ ಬರವಿಲ್ಲ. ಒಳ್ಳೆಯ ಆಸ್ಪತ್ರೆಗಳಿವೆ, ನೆರೆದೇಶದವರು ಚಿಕಿತ್ಸೆಗೆಂದು ಅಲ್ಲಿಗೆ ಬರುತ್ತಾರೆ. ನಡುರಾತ್ರಿ ಜ್ವರ ಬಂದರೆ ವೈದ್ಯನಿಗೆ ಇಂಗ್ಲಿಷಿನಲ್ಲಿ ಹೇಳಿಕೊಳ್ಳಬಹುದು. ಜೋಳದ ರೊಟ್ಟಿಯೊಂದಿಲ್ಲ.

ಇಷ್ಟಾದ ಮೇಲೂ ತಂಗಿ ಒಂದು ಮಾತು ಕೇಳಿದಳು. 2021ರ ಮೇ ತಿಂಗಳ ಒಂದು ರಾತ್ರಿ ಅವಳಿಗೆ ಉಸಿರು ಸಿಗದಾದಾಗ, ಮಹಡಿಯಿಂದ ಇಳಿದು ಬಂದು, ಕಾರಿನ ಹಿಂದಿನ ಆಸನದಲ್ಲಿ ಮಲಗಿಸಿ, ಮೂರು ಕಡೆ ಹಾಸಿಗೆ ಇಲ್ಲವೆನ್ನಿಸಿಕೊಂಡು ನಾಲ್ಕನೆಯ ಕಡೆ ಸೇರಿಸಿದವನು ಈ ಮಗ. “ಅವತ್ತ ಇವ ಅಲ್ಲೆಲ್ಲೋ ಇದ್ದಿದ್ರ?” ಎಂದಳು. ಯಾರೂ ಮಾತನಾಡಲಿಲ್ಲ. ಬೆಂಗಳೂರಿನಲ್ಲಿದ್ದರೂ ಅಂದು ಅವನು ಬರಲಾಗುತ್ತಿರಲಿಲ್ಲ, ರೈಲಿಗೆ ಆರೂವರೆ ತಾಸು ಬೇಕು, ಆದರೂ ಬೆಂಗಳೂರಿಗೆ ಹೋಗಬೇಡವೆಂದು ನಾವು ಯಾವ ಮಗನಿಗೂ ಹೇಳುವುದಿಲ್ಲ ಎಂದು ನಾನು ವಾದಿಸಿದೆ. ವಾದ ಸರಿಯಾಗಿತ್ತು. ಆದರೆ ಅವಳ ಮುಖ ನೋಡಿದಾಗ ಅದು ಉತ್ತರವಾಗಲಿಲ್ಲವೆಂದು ತಿಳಿಯಿತು.

ಇಲ್ಲಿ ಈವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಬರೆಯಬೇಕಾಗಿದೆ. ಎಪ್ಪತ್ತರ ದಶಕದಲ್ಲಿ ನೈಜೀರಿಯಾ, ಇಥಿಯೋಪಿಯಾಗಳಿಗೆ ನಮ್ಮ ದೇಶದ ಅನೇಕ ಶಿಕ್ಷಕರು ಹೋಗುತ್ತಿದ್ದರು. 1978ರಲ್ಲಿ ನನಗೂ ನೈಜೀರಿಯಾದಿಂದ ಕರೆ ಬಂದಿತ್ತು. ತಂದೆಯವರು ಬೇಡವೆನ್ನಲಿಲ್ಲ, ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಅಷ್ಟೇ. ಮೂರನೆಯ ದಿನ ಪತ್ರವನ್ನು ಒಲೆಗೆ ಹಾಕಿದೆ. ಮುಂದೆ ಅವರ ಕೊನೆಗಾಲದಲ್ಲಿ ಪಕ್ಕದಲ್ಲಿದ್ದು ಸೇವೆ ಮಾಡಿದೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಆಫ್ರಿಕದ ನಕ್ಷೆ ತೂಗುಹಾಕಿ ನೈಜರ್ ನದಿಯ ಮೇಲೆ ಕೋಲು ಇಟ್ಟಾಗಲೆಲ್ಲ ತಂದೆಯವರ ಮೇಲೆ ಒಂದು ಸಣ್ಣ ಮುನಿಸು ಏಳುತ್ತಿತ್ತು. ಅವರು ತೀರಿಕೊಂಡ ಮೇಲೂ ಅದು ಹೋಗಲಿಲ್ಲ. ಮಗನಿಗೆ ತಾಯಿಯ ಮೇಲೆ ಅಂಥದೊಂದು ಮುನಿಸು ಉಳಿಯುವುದನ್ನು ನಾನು ಒಪ್ಪಲಾರೆ. ಆದ್ದರಿಂದ ಅವನು ಹೋಗಲಿ ಎಂದು ಅಧ್ಯಕ್ಷನ ತೀರ್ಪು ಕೊಟ್ಟೆ. ಸಭೆಯಲ್ಲಿ ಅರ್ಧ ಜನ ನನ್ನೊಡನೆ ಚಹಾ ಕುಡಿಯಲಿಲ್ಲ.

ನಿರ್ಬಂಧಗಳನ್ನೂ ಹಾಕಿದೆ. ಮೊದಲು ಮೂರು ತಿಂಗಳ ಪರವಾನಗಿ ಮಾತ್ರ. ಜರ್ಮನಿಯ ಕಂಪನಿ ಮಲೇಷ್ಯಾದಿಂದ ದುಡಿಯಲು ಒಪ್ಪಿಗೆಯನ್ನು ಬರೆದುಕೊಡಬೇಕು. ತೆರಿಗೆಯ ವಿಷಯವನ್ನು ಲೆಕ್ಕಪರಿಶೋಧಕರಿಗೆ ಮೊದಲೇ ತೋರಿಸಬೇಕು, ಏಕೆಂದರೆ ವರ್ಷದಲ್ಲಿ 182 ದಿನ ಇಲ್ಲಿದ್ದವನು ಇಲ್ಲಿಯ ನಿವಾಸಿಯೇ. ತಂಗಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿದು ಅವಳು ತಾನೇ ಚಿಗರಿ ನಿಲ್ದಾಣದವರೆಗೆ ನಡೆದು ಹೋಗುವಂತಾದ ಮೇಲೆ ಹೊರಡಬೇಕು. ಈ ಕೊನೆಯದನ್ನು ಅವನೇ ಮೊದಲು ಹೇಳಿದ್ದನೆಂದು ಆಮೇಲೆ ತಿಳಿಯಿತು. ಆ ತನಕ ಮಹಡಿಯ ಕೋಣೆಯ ಬಾಗಿಲನ್ನು ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಒಂಬತ್ತೂವರೆಯವರೆಗೆ ಯಾರೂ ತಟ್ಟಬಾರದು. ಈ ನಿಯಮಕ್ಕೆ ಮೊದಲು ಸಹಿ ಹಾಕಿದವನು ನಾನು.

ನಿಮ್ಮಲ್ಲಿ ಯಾರಾದರೂ ಪೆನಾಂಗ್‌ನಲ್ಲಿಯೋ ಕೌಲಾಲಂಪುರದಲ್ಲಿಯೋ ಇದ್ದರೆ, ಅಥವಾ ಹಿಂದೆ ಇದ್ದು ಬಂದಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಅಲ್ಲಿ ಜೋಳದ ಹಿಟ್ಟು ಸಿಗುತ್ತದೆಯೇ ಎಂದು ತಂಗಿ ದಿನಕ್ಕೊಮ್ಮೆ ಕೇಳುತ್ತಿದ್ದಾಳೆ.