ನೋಟೀಸಿಲ್ಲದೆ ಬಿದ್ದ ಬೀಗ

ಗಿರಣಿಯ ಕೆಲಸಗಾರನೊಬ್ಬನನ್ನು ಸಸ್ಪೆಂಡು ಮಾಡಿದರೆ ಮುಂದೆ ಏನೇನು ನಡೆಯಬೇಕೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅವನ ಕೈಗೆ ಆಪಾದನಾ ಪತ್ರ ಬರಬೇಕು. ಯಾವ ದಿನ, ಯಾವ ಪಾಳಿಯಲ್ಲಿ, ಏನು ತಪ್ಪು ಮಾಡಿದನೆಂದು ಅದರಲ್ಲಿ ಬರೆದಿರಬೇಕು. ಅವನ ಸಮಜಾಯಿಷಿ ಕೇಳಬೇಕು, ವಿಚಾರಣೆ ನಡೆಸಬೇಕು. ವಿಚಾರಣೆ ಮುಗಿಯುವ ತನಕ ಅವನ ಮನೆಯ ಒಲೆ ಆರಬಾರದೆಂದು ಮೊದಲ 90 ದಿನ ಅರ್ಧ ಸಂಬಳ. ತಡವಾದದ್ದು ಅವನಿಂದಲ್ಲವಾದರೆ ಅನಂತರ ಮುಕ್ಕಾಲು ಸಂಬಳ. ಈ ಜೀವನಾಧಾರ ಭತ್ಯವನ್ನು 1946ರ ಸ್ಥಾಯೀ ಆಜ್ಞೆಗಳ ಕಾಯಿದೆಗೆ 1982ರಲ್ಲಿ ಸೇರಿಸಲಾಯಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ಯಾವ ಯಜಮಾನನೂ ಇದನ್ನು ದಾನವಾಗಿ ಕೊಟ್ಟದ್ದಲ್ಲ.

ಈಗ ಇನ್ನೊಂದು ಬಗೆಯ ಸಸ್ಪೆನ್ಶನ್ನನ್ನು ನೋಡೋಣ. ಇದು ನಡೆಯುವುದು ಆನ್‌ಲೈನ್ ಮಾರುಕಟ್ಟೆಯಲ್ಲಿ. ಇಲಕಲ್ಲ ಸೀರೆ ಮಾರುವ ಒಬ್ಬ ಸಣ್ಣ ವ್ಯಾಪಾರಿಯನ್ನು ಎಣಿಸಿಕೊಳ್ಳಿ. ಊರ ಪೇಟೆಯಲ್ಲಿ ವ್ಯಾಪಾರ ಇಳಿದದ್ದರಿಂದ ಅವನು ಆನ್‌ಲೈನ್ ಪೇಟೆಯಲ್ಲಿ ಮಾರಾಟದ ಖಾತೆ ತೆರೆಯುತ್ತಾನೆ. ಎರಡು ಮೂರು ವರ್ಷ ಬೆವರು ಸುರಿಸಿ ಗಿರಾಕಿಗಳನ್ನು ಗಳಿಸುತ್ತಾನೆ. ದೀಪಾವಳಿಗೆಂದು ಸಾಲ ಮಾಡಿ ಮಾಲು ತುಂಬುತ್ತಾನೆ. ಒಂದು ಬೆಳಿಗ್ಗೆ ಇ-ಮೇಲ್ ಬಂದಿರುತ್ತದೆ: ನಿಮ್ಮ ಖಾತೆ ನಮ್ಮ ನೀತಿಗೆ ವಿರುದ್ಧವಾಗಿ ನಡೆದುಕೊಂಡಿದೆ, ಆದುದರಿಂದ ಅಮಾನತಾಗಿದೆ. ಯಾವ ನೀತಿ? ಯಾವ ಸೀರೆ? ದೂರು ಕೊಟ್ಟವರು ಯಾರು? ಉತ್ತರವಿಲ್ಲ. ಸಹಿ ಹಾಕಿದವರ ಹೆಸರೂ ಇಲ್ಲ. ಅಂಗಡಿಗೆ ಬೀಗ ಬಿದ್ದಾಯಿತು, ಬೀಗ ಹಾಕಿದ ಕೈ ಮಾತ್ರ ಕಾಣುವುದಿಲ್ಲ.

ನಾವು ಒಂದು ಮಾತನ್ನು ಮೊದಲೇ ಒಪ್ಪುತ್ತೇವೆ. ಈ ಪೇಟೆಗಳಲ್ಲಿ ನಕಲಿ ಮಾಲು ಮಾರುವವರಿದ್ದಾರೆ. ಹಳೆಯ ಮೊಬೈಲನ್ನು ಹೊಸದೆಂದು ಕಳಿಸುವವರಿದ್ದಾರೆ, ಕಲಬೆರಕೆ ಎಣ್ಣೆ ಮಾರುವವರಿದ್ದಾರೆ. ಅಂಥವರ ಬಾಗಿಲು ಮುಚ್ಚಿಸಬೇಕಾದದ್ದೇ. ಕೊಳ್ಳುವವರಲ್ಲಿ ಹೆಚ್ಚಿನವರು ದುಡಿದು ತಿನ್ನುವ ಜನ. ಅವರ ಹಣಕ್ಕೆ ಮೋಸವಾಗಬಾರದು. ನಮ್ಮ ಪ್ರಶ್ನೆ ಬಾಗಿಲು ಮುಚ್ಚುವ ಅಧಿಕಾರ ಇರಬೇಕೋ ಬೇಡವೋ ಎಂಬುದಲ್ಲ. ಆ ಅಧಿಕಾರವನ್ನು ಯಾವ ಕಟ್ಟಳೆಯಲ್ಲಿ ನಡೆಸಬೇಕು, ತಪ್ಪಾಗಿ ನಡೆಸಿದರೆ ಕೇಳುವವರು ಯಾರು ಎಂಬುದೇ ಪ್ರಶ್ನೆ.

ಕಟ್ಟಳೆಯ ಒಂದು ಮಾದರಿಯನ್ನು ನೋಡಿ. ಅಮೆಜಾನ್ ಪೇಟೆಯ ಮಾರಾಟಗಾರ ದೋಷದ ದೂರು ಬಂದ ಆರ್ಡರುಗಳನ್ನು ಶೇಕಡಾ 1ರೊಳಗೆ ಇಟ್ಟುಕೊಳ್ಳಬೇಕು. ತಡವಾಗಿ ಕಳಿಸಿದವು ಶೇಕಡಾ 4ರೊಳಗೆ, ಕಳಿಸುವ ಮೊದಲೇ ತಾನಾಗಿ ರದ್ದು ಮಾಡಿದವು ಶೇಕಡಾ 2.5ರೊಳಗೆ ಇರಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಎಲ್ಲರಿಗೂ ಒಂದೇ ಅಳತೆ. ಆದರೆ ಲೆಕ್ಕ ಹಾಕಿ ನೋಡಿ. ಲೆಕ್ಕದ ಅವಧಿಯಲ್ಲಿ 5,000 ಆರ್ಡರು ಕಳಿಸಿದ ದೊಡ್ಡ ವ್ಯಾಪಾರಿಯ ಮೇಲೆ 49 ದೂರು ಬಂದರೂ ಶೇಕಡಾ 1 ಆಗುವುದಿಲ್ಲ. 50 ಆರ್ಡರು ಕಳಿಸಿದ ಸಣ್ಣವನ ಮೇಲೆ ಒಂದೇ ಒಂದು ದೂರು ಬಂದರೆ ಶೇಕಡಾ 2 ಆಗಿಹೋಯಿತು. ಆನೆಗೂ ಆಡಿಗೂ ಒಂದೇ ತೊಲೆಯ ಸೇತುವೆ ಹಾಕಿ ಸಮಾನತೆ ಎಂದರೆ ನಂಬುವವರು ಯಾರು? ಬಿದ್ದರೆ ಸಾಯುವುದು ಆಡು.

ಮೇಲ್ಮನವಿಗೆ ಅವಕಾಶವಿದೆಯಲ್ಲ ಎಂದು ಕಂಪನಿಗಳು ಹೇಳುತ್ತವೆ. ಇದೆ, ನಿಜ. ಆದರೆ ಅದರ ರೀತಿಯನ್ನು ನೋಡಬೇಕು. ಖಾತೆ ಕಳೆದುಕೊಂಡವನು ಒಂದು ಕ್ರಮದ ಯೋಜನೆಯನ್ನು ಬರೆದು ಕೊಡಬೇಕು. ಅದರಲ್ಲಿ ಮೂರು ಭಾಗ: ತಪ್ಪಿನ ಮೂಲ ಕಾರಣವೇನು, ಅದನ್ನು ಸರಿಪಡಿಸಲು ಏನು ಮಾಡಿದ್ದೀರಿ, ಮತ್ತೆ ಆಗದಂತೆ ಏನು ಮಾಡುವಿರಿ. ತಪ್ಪೇನೆಂದು ತಿಳಿಸದೆ ತಪ್ಪಿನ ಮೂಲ ಕಾರಣವನ್ನು ಬರೆಯೆಂದರೆ ಬಡವ ಏನು ಬರೆದಾನು? ಮಾಡಿದ್ದರೂ ಮಾಡದಿದ್ದರೂ ಮೊದಲು ತಪ್ಪೊಪ್ಪಿಗೆ ಕೊಡು, ಆಮೇಲೆ ನೋಡೋಣ ಎಂದಂತಾಯಿತು. ಅರ್ಜಿ ಹೋಗುವುದಾದರೂ ಎಲ್ಲಿಗೆ? ಬೀಗ ಹಾಕಿದವರಲ್ಲಿಗೇ. ಆಪಾದನೆ ಹೊರಿಸಿದವನೇ ವಿಚಾರಣೆ ಮಾಡಿ ತೀರ್ಪನ್ನೂ ಕೊಡುವುದನ್ನು ಯಾವ ಹಳ್ಳಿಯ ಪಂಚಾಯತಿಯೂ ಒಪ್ಪುವುದಿಲ್ಲ.

ಹಣದ ವಿಚಾರ ಇದಕ್ಕಿಂತ ಕಠಿಣ. ಆನ್‌ಲೈನ್ ಪೇಟೆಯಲ್ಲಿ ಗಿರಾಕಿಯ ಹಣ ನೇರವಾಗಿ ವ್ಯಾಪಾರಿಗೆ ಬರುವುದಿಲ್ಲ. ಅದು ಮೊದಲು ಕಂಪನಿಯ ಕೈ ಸೇರುತ್ತದೆ. ಕಂಪನಿ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ವಾಯಿದೆಯ ಮೇಲೆ ಕೊಡುತ್ತದೆ. ಖಾತೆ ಅಮಾನತಾದಾಗ ಈ ಹಣವೂ ಅಲ್ಲೇ ನಿಲ್ಲಬಹುದು. ಮಾಲು ಗಿರಾಕಿಗೆ ಮುಟ್ಟಿ ಅವನು ಅದನ್ನು ಉಟ್ಟಾಗಿದೆ. ನೇಕಾರನ ಬಾಕಿ ಮಾತ್ರ ತೀರಿಲ್ಲ. ಸಸ್ಪೆಂಡಾದ ಕೆಲಸಗಾರನಿಗೆ ಅರ್ಧ ಸಂಬಳವಾದರೂ ಉಂಟು. ಈ ವ್ಯಾಪಾರಿಗೆ ತಾನು ಆಗಲೇ ದುಡಿದದ್ದೂ ಇಲ್ಲ.

ತೆರೆದ ನ್ಯಾಯಸ್ಥಾನ ಇಲ್ಲದಲ್ಲಿ ಹಿಂಬಾಗಿಲು ತೆರೆದುಕೊಳ್ಳುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಆರು ಜನರ ಮೇಲೆ ಫೆಡರಲ್ ಸರಕಾರ ಮೊಕದ್ದಮೆ ಹೂಡಿತು. ಅಮೆಜಾನಿನ ನೌಕರರಿಗೆ ಒಟ್ಟು 1 ಲಕ್ಷ ಡಾಲರಿಗೂ ಮಿಕ್ಕಿ ಲಂಚ ಕೊಟ್ಟು, ಅಮಾನತಾದ ಖಾತೆಗಳನ್ನು ಬಿಡಿಸಿಕೊಳ್ಳುತ್ತಿದ್ದರು, ಪ್ರತಿಸ್ಪರ್ಧಿಗಳ ಮಾಲಿಗೆ ಅಡ್ಡಿ ತರಿಸುತ್ತಿದ್ದರು ಎಂಬುದು ಆಪಾದನೆ. ಇದರಿಂದ ಕಲಿಯಬೇಕಾದದ್ದೇನು? ಕಾರಣ ಹೇಳಬೇಕಾಗಿಲ್ಲದ ಅಧಿಕಾರ ಮಾರಾಟಕ್ಕೆ ಸುಲಭವಾಗಿ ಸಿಗುತ್ತದೆ. ಕಾಸಿದ್ದವನು ಕೊಳ್ಳುತ್ತಾನೆ, ಇಲ್ಲದವನು ಅರ್ಜಿ ಬರೆಯುತ್ತ ಕೂರುತ್ತಾನೆ.

ಇದು ಖಾಸಗಿ ಒಪ್ಪಂದ, ಷರತ್ತುಗಳನ್ನು ಓದಿಯೇ ಒಪ್ಪಿಕೊಂಡಿದ್ದೀರಿ, ಬೇಡವಾದರೆ ಬೇರೆ ಕಡೆ ಮಾರಿ ಎಂದು ಕೆಲವರು ವಾದಿಸುತ್ತಾರೆ. ಗಿರಣಿಯ ಯಜಮಾನರೂ ಒಂದು ಕಾಲದಲ್ಲಿ ಇದೇ ಮಾತನ್ನು ಆಡಿದ್ದರು: ಕೂಲಿ ಸಾಲದಿದ್ದರೆ ಬೇರೆ ಗಿರಣಿಗೆ ಹೋಗು. ಊರಿನಲ್ಲಿ ಇರುವುದೇ ಎರಡು ಗಿರಣಿಯಾದರೆ, ಎರಡರ ಷರತ್ತೂ ಒಂದೇ ಆದರೆ, ಹೋಗುವುದೆಲ್ಲಿಗೆ? ಸಾವಿರಾರು ಜನರ ಅನ್ನ ಒಬ್ಬನ ಕೈಯಲ್ಲಿ ನಿಂತ ಮೇಲೆ ಒಪ್ಪಂದವೆಂಬುದು ಹೆಸರಿಗೆ ಒಪ್ಪಂದ, ನಡೆಯುವುದು ಹುಕುಂ. ಅದಕ್ಕಾಗಿಯೇ ಕೂಲಿಯ ಒಪ್ಪಂದಕ್ಕೆ ಕಾಯಿದೆಯ ಬೇಲಿ ಹಾಕಬೇಕಾಯಿತು.

ಬೇರೆಯವರಿಗೆ ಈ ಬೇಲಿ ಈಗಾಗಲೇ ಬಂದಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ, ಪ್ರಮಾಣಪತ್ರವಿರುವ ತಳ್ಳುಗಾಡಿಯವನನ್ನು ಅವನ ಜಾಗದಿಂದ ಎಬ್ಬಿಸಬೇಕಾದರೆ ನಗರಸಭೆ 30 ದಿನಗಳ ನೋಟೀಸು ಕೊಡಬೇಕು. ಪ್ರಮಾಣಪತ್ರ ರದ್ದು ಮಾಡುವ ಮುನ್ನ ಅವನ ಮಾತು ಕೇಳಬೇಕು. ಅವನ ಅಹವಾಲು ಕೇಳುವುದಕ್ಕೆ ಸಿವಿಲ್ ನ್ಯಾಯಾಧೀಶರಾಗಿದ್ದವರು ಇಲ್ಲವೆ ಮ್ಯಾಜಿಸ್ಟ್ರೇಟರಾಗಿದ್ದವರು ಅಧ್ಯಕ್ಷರಾಗಿರುವ ಸಮಿತಿ ಇರಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಹುಡುಗರನ್ನು ತೆಗೆದುಹಾಕಬೇಕಾದರೆ ಸಾಮಾನ್ಯವಾಗಿ ಬರಹದಲ್ಲಿ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡಬೇಕೆಂದು ನಮ್ಮ ರಾಜ್ಯವೇ 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆ ತಂದಿದೆ. ಪಾರ್ಸೆಲ್ ಹೊತ್ತವನಿಗೆ ನೋಟೀಸಿನ ಹಕ್ಕು ಬಂತು, ಬರಬೇಕಾದದ್ದೇ. ಪಾರ್ಸೆಲ್ ಕಟ್ಟಿ ಕೊಟ್ಟವನಿಗೆ ಮಾತ್ರ ಇಲ್ಲ.

ದಿಲ್ಲಿಯ ಸರಕಾರ ಏನೂ ಮಾಡಿಲ್ಲವೆಂದಲ್ಲ. ವಿದೇಶೀ ಬಂಡವಳದ ಪೇಟೆಗಳು ಎಲ್ಲ ಮಾರಾಟಗಾರರಿಗೂ ಭೇದವಿಲ್ಲದೆ ಸೇವೆ ಕೊಡಬೇಕೆಂದು 2018ರ ಡಿಸೆಂಬರ್ ಸೂಚನೆಯಲ್ಲಿ ಹೇಳಿತು. ಅದು 2019ರ ಫೆಬ್ರುವರಿ 1ರಿಂದ ಜಾರಿಗೆ ಬಂತು. 2020ರ ಇ-ವಾಣಿಜ್ಯ ನಿಯಮಗಳಲ್ಲಿ, ಗ್ರಾಹಕನ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದೇವೆಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ವಿಧಿಸಿತು. ಮಾರಾಟಗಾರರಲ್ಲಿ ಭೇದ ಮಾಡುವುದಿದ್ದರೆ ಅದನ್ನು ಷರತ್ತಿನಲ್ಲಿ ವಿವರಿಸಬೇಕೆಂದೂ ಹೇಳಿತು. ಆದರೆ ಖಾತೆ ಮುಚ್ಚುವಾಗ ಮಾರಾಟಗಾರನಿಗೆ ಇಷ್ಟು ದಿನದ ನೋಟೀಸು, ಇಷ್ಟು ದಿನದಲ್ಲಿ ತೀರ್ಮಾನ ಎಂಬ ಮಾತು ಆ ನಿಯಮಗಳಲ್ಲಿಲ್ಲ.

ದೊಡ್ಡ ಕಂಪನಿಗಳನ್ನು ಪ್ರಶ್ನಿಸುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ನಮ್ಮ ಹೈಕೋರ್ಟಿನಲ್ಲೇ ಉದಾಹರಣೆಯುಂಟು. ಮೆಚ್ಚಿನ ಕೆಲವೇ ಮಾರಾಟಗಾರರಿಗೆ ಈ ಪೇಟೆಗಳು ಅನುಕೂಲ ಮಾಡಿಕೊಡುತ್ತಿವೆ ಎಂದು ದಿಲ್ಲಿಯ ವ್ಯಾಪಾರಿಗಳ ಸಂಘ ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟುಗಳ ತನಿಖೆಗೆ ಆಜ್ಞೆ ಮಾಡಿತು. ಮರು ತಿಂಗಳೇ ಕರ್ನಾಟಕ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈಯಲ್ಲಿ ವಿಭಾಗೀಯ ಪೀಠ ಕಂಪನಿಗಳ ಅರ್ಜಿಗಳನ್ನು ತಳ್ಳಿಹಾಕಿದವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ತನಿಖೆಗೆ ಅಡ್ಡಬರಲಿಲ್ಲ. ತನಿಖೆ ನಡೆಯಬಹುದೋ ಕೂಡದೋ ಎಂದು ಇತ್ಯರ್ಥವಾಗುವುದಕ್ಕೇ ಒಂದೂವರೆ ವರ್ಷ. ಒಬ್ಬಂಟಿ ಸೀರೆ ವ್ಯಾಪಾರಿ ಇಷ್ಟು ಕಾಲ ಕಾಯಲಾರ. ಆದರೆ ಸಂಘ ಕಾಯಬಲ್ಲುದು. ಆ ದೂರನ್ನು ಕೊಟ್ಟದ್ದೂ ಸಂಘವೇ ಎಂಬುದನ್ನು ಮರೆಯಬಾರದು.

ಹೊರದೇಶಗಳಲ್ಲಿ ಇದು ಸಾಧ್ಯವಾಗಿದೆ. ಅಮೆಜಾನ್ ಮಾರಾಟಗಾರರನ್ನು ನೋಟೀಸಿಲ್ಲದೆ, ಕಾರಣವಿಲ್ಲದೆ ಹೊರಹಾಕಬಹುದಾಗಿದ್ದ ಷರತ್ತನ್ನು ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ಪ್ರಶ್ನಿಸಿತು. 2019ರ ಜುಲೈಯಲ್ಲಿ ಕಂಪನಿ ಮಣಿದು, ಸಾಮಾನ್ಯ ಮುಕ್ತಾಯಕ್ಕೆ 30 ದಿನಗಳ ನೋಟೀಸನ್ನೂ ಕಾರಣವನ್ನೂ ಕೊಡಲು ಒಪ್ಪಿತು. ಅನಂತರ ಯುರೋಪಿನ ಒಕ್ಕೂಟದ ನಿಯಮ 2020ರ ಜುಲೈ 12ರಿಂದ ಜಾರಿಗೆ ಬಂದು, ಅಮಾನತಿಗೆ ಬರಹದಲ್ಲಿ ಕಾರಣ, ಪೂರ್ತಿ ಮುಚ್ಚುವುದಕ್ಕೆ 30 ದಿನ ಮೊದಲು ತಿಳುವಳಿಕೆ, ಖರ್ಚಿಲ್ಲದ ದೂರಿನ ವ್ಯವಸ್ಥೆ, ವ್ಯಾಪಾರಿಗಳ ಪರವಾಗಿ ಸಂಘಗಳೇ ಕೋರ್ಟಿಗೆ ಹೋಗುವ ಹಕ್ಕು, ಇವನ್ನೆಲ್ಲ ವಿಧಿಸಿತು. ಅಲ್ಲಿ ಕಂಪನಿಗಳು ಮುಳುಗಿಹೋಗಲಿಲ್ಲ. ಅಲ್ಲಿ ಕೊಡಬಲ್ಲವರು ಇಲ್ಲಿ ಏಕೆ ಕೊಡಲಾರರು?

ಕಾಯಿದೆ ಬರುವ ತನಕ ಬೀಗ ಬಿದ್ದ ವ್ಯಾಪಾರಿ ಕೈಕಟ್ಟಿ ಕೂರಬೇಕಾಗಿಲ್ಲ. ಬಂದ ಇ-ಮೇಲನ್ನು ಅಳಿಸದೆ ಪ್ರತಿ ತೆಗೆದಿಡಲಿ. ಸಿಟ್ಟಿನಲ್ಲಿ ದಿನಕ್ಕೆ ಹತ್ತು ಅರ್ಜಿ ಹಾಕದೆ, ಒಂದನ್ನೇ ಸರಿಯಾಗಿ, ದಾಖಲೆ ಸಮೇತ ಬರೆಯಲಿ. ಮಾಲು ಕೊಂಡ ಬಿಲ್ಲು, ಕೊಟ್ಟವರ ವಿಳಾಸ, ಸಾಗಣೆಯ ರಸೀತಿ, ಜಿ.ಎಸ್.ಟಿ. ಪತ್ರ, ಬ್ಯಾಂಕಿನ ಖಾತೆ, ಇವುಗಳಲ್ಲೆಲ್ಲ ಹೆಸರೂ ವಿಳಾಸವೂ ಅಕ್ಷರಶಃ ಒಂದೇ ಆಗಿರಲಿ. ಎಷ್ಟೋ ಅರ್ಜಿಗಳು ಇಲ್ಲಿಯೇ ಬೀಳುತ್ತವೆ. ತಪ್ಪು ನಡೆದಿದ್ದರೆ ಯಾವ ಆರ್ಡರಿನಲ್ಲಿ ಎಂದು ನೇರವಾಗಿ ಹೇಳಲಿ. ನಡೆದಿಲ್ಲವಾದರೆ ಇಲ್ಲದ ತಪ್ಪನ್ನು ಒಪ್ಪಿಕೊಳ್ಳದೆ, ದೂರಿನ ಪ್ರತಿಯನ್ನು ಬರಹದಲ್ಲಿ ಕೇಳಲಿ. ಹೆಂಡತಿಯ ಹೆಸರಿನಲ್ಲೋ ತಮ್ಮನ ಹೆಸರಿನಲ್ಲೋ ಗುಟ್ಟಾಗಿ ಇನ್ನೊಂದು ಖಾತೆ ತೆರೆಯುವುದು ಬೇಡ. ಎರಡೂ ಒಂದೇ ಎಂದು ಕಂಡುಬಂದರೆ ಎರಡಕ್ಕೂ ಬೀಗ ಬೀಳುತ್ತದೆ. ಖಾತೆ ಬಿಡಿಸಿಕೊಡುತ್ತೇವೆಂದು ಹಣ ಕೇಳುವ ದಲ್ಲಾಳಿಗಳಿಂದ ದೂರವಿರಲಿ. ಹಿಡಿದಿಟ್ಟ ಹಣ ದೊಡ್ಡದಾದರೆ ವಕೀಲರ ಮೂಲಕ ನೋಟೀಸು ಕಳಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಾಚಿಕೆಯೆಂದು ಬಚ್ಚಿಡದೆ ವ್ಯಾಪಾರಿಗಳ ಸಂಘಕ್ಕೆ ತಿಳಿಸಲಿ. ಒಬ್ಬನ ದೂರು ಗೋಳಾಗುತ್ತದೆ. ನೂರು ಜನರ ದೂರು ಒಂದು ಪಟ್ಟಿಯಾಗಿ ಸರಕಾರದ ಮೇಜಿನ ಮೇಲೆ ಕೂರುತ್ತದೆ.

ಸರಕಾರದಿಂದ ನಾವು ಕೇಳುವುದು ಐದೇ ಮಾತು. ಅಮಾನತಿನ ಕಾರಣವನ್ನು ದೂರಿನ ವಿವರ ಸಮೇತ, ವ್ಯಾಪಾರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಕಣ್ಣಿಗೆ ಕಾಣುವ ಮೋಸವೋ ಪ್ರಾಣಾಪಾಯವೋ ಇದ್ದಲ್ಲಿ ಬಿಟ್ಟು, ಉಳಿದಲ್ಲೆಲ್ಲ ಮೊದಲು ನೋಟೀಸು ಕೊಡಬೇಕು. ಮೇಲ್ಮನವಿಯನ್ನು ಹೆಸರುಳ್ಳ ಒಬ್ಬ ಅಧಿಕಾರಿ ಓದಿ ಗೊತ್ತಾದ ದಿನದೊಳಗೆ ತೀರ್ಮಾನಿಸಬೇಕು. ತಕರಾರಿಲ್ಲದ ಆರ್ಡರುಗಳ ಹಣವನ್ನು ಹಿಡಿಯಕೂಡದು. ಕಂಪನಿಯ ತೀರ್ಮಾನದ ಮೇಲೆ ಹೊರಗಿನ ಒಂದು ಸಮಿತಿ ಇರಬೇಕು. ತಳ್ಳುಗಾಡಿಯವನಿಗೆ ಕಾಯಿದೆ ಗೊತ್ತುಮಾಡಿದ ಮಾದರಿಯೇ ಸಾಕು.

ಇದು ವ್ಯಾಪಾರಸ್ಥರ ಜಗಳ, ನಮಗೇಕೆ ಎಂದು ಗಿರಣಿಯ ಬಂಧುಗಳು ಕೇಳಬಹುದು. ಗಿರಣಿ ಮುಚ್ಚಿದಾಗ ಬಂದ ಅಷ್ಟಿಷ್ಟು ಹಣದಿಂದ ಅಂಗಡಿ ಇಟ್ಟವರು ನಿಮ್ಮಲ್ಲೇ ಇದ್ದಾರೆ. ನಿಮ್ಮ ಮನೆಯ ಹೆಣ್ಣುಮಕ್ಕಳು ಹೊಲಿದ ರವಿಕೆ, ಮಾಡಿದ ಚಟ್ನಿಪುಡಿ ಇಂದು ಈ ಪೇಟೆಗಳಲ್ಲೇ ಮಾರಾಟವಾಗುತ್ತಿದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಾರಣ ಹೇಳದೆ ಒಬ್ಬನ ಅನ್ನ ತೆಗೆಯಬಹುದೆಂಬ ಪದ್ಧತಿ ಒಂದು ಬೀದಿಯಲ್ಲಿ ಊರಿದರೆ ಮರುದಿನ ಪಕ್ಕದ ಬೀದಿಗೆ ಬರುತ್ತದೆ. ಆಪಾದನಾ ಪತ್ರವಿಲ್ಲದೆ ಶಿಕ್ಷೆಯಿಲ್ಲ ಎಂಬ ಪಾಠವನ್ನು ಗಿರಣಿಗಳಿಗೆ ಕಲಿಸಿದವರು ನೀವು. ಅದೇ ಪಾಠವನ್ನು ಈ ಹೊಸ ಯಜಮಾನರಿಗೆ ಕಲಿಸುವಾಗ ಅಂಗಡಿಯವರ ಪಕ್ಕದಲ್ಲಿ ನಿಲ್ಲಬೇಕಾದವರೂ ನೀವೇ.