ಕೋಲಾ ಹಾಕಿ ಉಜ್ಜಿದರೆ ಹಳೇ ಕಾರಿನ ಬಾಗಿಲಿನ ತುಕ್ಕು ಹೋಗುತ್ತದೆಯೇ?

ತುಕ್ಕಿನ ಮೇಲೆ ಕೋಲಾ ಸುರಿಯಿರಿ, ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಉಜ್ಜಿರಿ, ಹಳೇ ಕಾರು ಹೊಸದರಂತೆ ಹೊಳೆಯುತ್ತದೆ! ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮನೆಯಲ್ಲಿ ಅಪ್ಪನ ಕಾಲದ ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ಇದ್ದರೆ ಒಮ್ಮೆ ಮಾಡಿ ನೋಡೋಣ ಅನ್ನಿಸುವುದು ಸಹಜ. ಮಾಡುವ ಮೊದಲು ಬಾಗಿಲಿಗೆ ತುಕ್ಕು ಹಿಡಿಯುವುದು ಎಲ್ಲಿಂದ ಎಂಬುದನ್ನು ತಿಳಿದುಕೊಳ್ಳೋಣ.

ವಿಡಿಯೊದಲ್ಲಿ ನಿಜ ಎಷ್ಟು?

ಸ್ವಲ್ಪ ಇದೆ. ಕೋಲಾದಲ್ಲಿ ಅಲ್ಪ ಪ್ರಮಾಣದ ಫಾಸ್ಫರಿಕ್ ಆಮ್ಲವಿದೆ, ಅದು ತುಕ್ಕನ್ನು ನಿಧಾನವಾಗಿ ಕರಗಿಸುತ್ತದೆ. ಕ್ರೋಮ್ ಬಂಪರ್ ಮೇಲಿನ ತೆಳು ತುಕ್ಕಿನ ಕಲೆ ಈ ಉಪಾಯಕ್ಕೆ ಹೋಗಲೂಬಹುದು. ಆದರೆ ಬಾಗಿಲು ಬಂಪರ್ ಅಲ್ಲ. ಬಾಗಿಲಿನ ತುಕ್ಕು ಹೊರಗಿನಿಂದ ಒಳಗೆ ಹೋಗುವುದಕ್ಕಿಂತ ಒಳಗಿನಿಂದ ಹೊರಗೆ ಬರುವುದೇ ಹೆಚ್ಚು.

ಬಾಗಿಲೊಳಗೆ ನೀರು ಹೇಗೆ ಬರುತ್ತದೆ?

ಕಾರಿನ ಬಾಗಿಲು ಒಂದೇ ತಗಡಲ್ಲ. ಒಳಗೊಂದು ಚೌಕಟ್ಟು, ಹೊರಗೊಂದು ತೆಳು ತಗಡು. ಹೊರ ತಗಡಿನ ಅಂಚನ್ನು ಚೌಕಟ್ಟಿನ ಅಂಚಿನ ಮೇಲೆ ಚಪಾತಿ ಮಡಿಸಿದಂತೆ ಮಡಿಸಿ ಒತ್ತಿರುತ್ತಾರೆ. ಗಾಜು ಇಳಿಯುವ ಸಂದಿಯಲ್ಲಿ ರಬ್ಬರ್ ಪಟ್ಟಿ ಇದ್ದರೂ ಮಳೆನೀರು ಸ್ವಲ್ಪ ಒಳಗೆ ಇಳಿದೇ ಇಳಿಯುತ್ತದೆ. ಇದು ತಯಾರಕರಿಗೂ ಗೊತ್ತಿರುವ ವಿಷಯ. ಆದ್ದರಿಂದಲೇ ಬಾಗಿಲಿನ ತಳದಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ.

ವರ್ಷಗಳು ಕಳೆದಂತೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಹೆಚ್ಚು ಇಳಿಯುತ್ತದೆ. ಧೂಳು, ಎಲೆಯ ಚೂರು ಸೇರಿ ತಳದ ರಂಧ್ರಗಳು ಮುಚ್ಚುತ್ತವೆ. ಮಡಿಸಿದ ಅಂಚಿನಲ್ಲಿ ಒದ್ದೆ ಮಣ್ಣು ತಿಂಗಳುಗಟ್ಟಲೆ ಕೂರುತ್ತದೆ. ಆ ಮಡಿಕೆಯೊಳಗೆ ಪೇಂಟ್ ಸರಿಯಾಗಿ ತಲುಪಿರುವುದೇ ಇಲ್ಲ.

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಉಪ್ಪಿನಂಶ ಇದ್ದರೆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿದು ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ, ಜೊತೆಗೆ ಕಡಲ ಗಾಳಿಯೂ ಇರುವ ಮಂಗಳೂರಿನಂಥ ಊರಿನಲ್ಲಿ ಹಳೇ ಕಾರಿನ ಬಾಗಿಲು ಬೇಗ ಹಾಳಾಗುವುದು ಇದಕ್ಕೇ.

ಅಲ್ಯೂಮಿನಿಯಂ ಮೇಲೆ ಮೂಡುವ ಆಕ್ಸೈಡ್ ಪದರ ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲ, ನೀರನ್ನು ಹಿಡಿದಿಡುತ್ತದೆ, ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಪೇಂಟ್ ಉಬ್ಬುತ್ತದೆ. ಬಾಗಿಲಿನ ಕೆಳಭಾಗದಲ್ಲಿ ಗುಳ್ಳೆ ಕಂಡಿತೆಂದರೆ ತುಕ್ಕು ಶುರುವಾಗಿದೆ ಎಂದಲ್ಲ, ಒಳಗಿನಿಂದ ತಗಡು ತಿಂದು ಹೊರಗೆ ಬಂದಿದೆ ಎಂದು ಅರ್ಥ. ಅಲ್ಲಿ ಕೋಲಾ ಉಜ್ಜಿದರೆ ಉಳಿಯುವುದು ತೂತು, ಜೊತೆಗೆ ಸಕ್ಕರೆಯ ಅಂಟು.

ಬಾತ್‌ರೂಮ್ ಆಸಿಡ್ ಹಾಕಬಹುದೇ?

ಖಂಡಿತ ಬೇಡ. ಹೈಡ್ರೋಕ್ಲೋರಿಕ್ ಆಮ್ಲ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಮಡಿಕೆಯೊಳಗೆ ಉಳಿದ ಕ್ಲೋರೈಡ್ ಮುಂದೆ ತುಕ್ಕನ್ನು ಹೆಚ್ಚಿಸುತ್ತದೆ. ಅದರ ಹೊಗೆ ಕಣ್ಣಿಗೆ, ಶ್ವಾಸಕೋಶಕ್ಕೆ ಅಪಾಯ.

ಹಳೇ ಎಂಜಿನ್ ಆಯಿಲ್ ಸುರಿಯುವ ಸಲಹೆಯೂ ಹಾಗೆಯೇ. ಎಣ್ಣೆ ನೀರನ್ನು ಸ್ವಲ್ಪ ಕಾಲ ತಡೆಯುತ್ತದೆ ನಿಜ. ಆದರೆ ಬಳಸಿದ ಆಯಿಲ್‌ನಲ್ಲಿ ಆಮ್ಲಾಂಶ ಇರುತ್ತದೆ, ಚರ್ಮಕ್ಕೆ ಹಾನಿ ಮಾಡುವ ರಾಸಾಯನಿಕಗಳಿರುತ್ತವೆ. ರಬ್ಬರ್ ಪಟ್ಟಿ ಉಬ್ಬಿ ಹಾಳಾಗುತ್ತದೆ, ಸೋರಿದ ಎಣ್ಣೆ ನೆಲ, ಬಾವಿ ಸೇರುತ್ತದೆ.

ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಸುಳ್ಳಲ್ಲ. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫರಿಕ್ ಆಮ್ಲ ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿ ಬದಲಿಸುತ್ತದೆ. ಮೇಲ್ಮೈ ತುಕ್ಕಿಗೆ ಅದು ಸರಿ. ಕಳೆದುಹೋದ ಲೋಹವನ್ನು ಅದು ಮರಳಿ ತರುವುದಿಲ್ಲ.

ಹಾಗಾದರೆ ಬಾಗಿಲನ್ನೇ ಬದಲಿಸಿದರೆ?

ಪದ್ಮಿನಿ ನಿಂತು ಎರಡು ದಶಕ ದಾಟಿದೆ, ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹೊಸ ಬಾಗಿಲು ಸಿಗುವುದು ಕಷ್ಟ. ಗುಜರಿಯಲ್ಲಿ ಸಿಗುವ ಬಾಗಿಲಿಗೂ ಅದೇ ಜಾಗದಲ್ಲಿ ಅದೇ ಕಾಯಿಲೆ ಇರುತ್ತದೆ. ಹಾಗಾಗಿ ಇರುವ ಬಾಗಿಲನ್ನು ಸರಿಯಾಗಿ ರಿಪೇರಿ ಮಾಡಿಸುವುದೇ ಹೆಚ್ಚಿನವರಿಗೆ ಉಳಿದಿರುವ ದಾರಿ.

ಸರಿಯಾದ ರಿಪೇರಿ ಹೇಗಿರುತ್ತದೆ?

ಮೊದಲು ಬಾಗಿಲಿನ ಒಳ ಹೊದಿಕೆ ತೆಗೆದು ಸ್ಕ್ರೂ ಡ್ರೈವರ್‌ನಿಂದ ತಗಡನ್ನು ಒತ್ತಿ ನೋಡಬೇಕು. ಎಲ್ಲಿ ಮೆತ್ತಗಾಗಿದೆಯೋ ಅಲ್ಲಿಯವರೆಗೂ ತುಕ್ಕು ಇದೆ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ಅದೇ ಆಕಾರಕ್ಕೆ ಬಾಗಿಸಿ ಬೆಸೆಯಬೇಕು. ತಗಡು ಒಂದು ಮಿಲಿಮೀಟರ್ ಆಸುಪಾಸು ಇರುವುದರಿಂದ ಒಂದೇ ಸಮನೆ ವೆಲ್ಡಿಂಗ್ ಮಾಡಿದರೆ ಬಿಸಿಗೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು ಮುಂದುವರಿಯಬೇಕು. ಗಾಜು, ವೈರ್, ರಬ್ಬರ್ ಮೊದಲೇ ಬಿಚ್ಚಿಡದಿದ್ದರೆ ಬೆಂಕಿಯ ಅಪಾಯವಿದೆ.

ಹಲವರು ಮರೆಯುವ ಹಂತ ಇದರ ನಂತರ ಬರುತ್ತದೆ. ವೆಲ್ಡಿಂಗ್ ಬಿಸಿಗೆ ಒಳಬದಿಯ ಪೇಂಟ್ ಸುಟ್ಟುಹೋಗಿರುತ್ತದೆ. ಒಳಗೆ ಪ್ರೈಮರ್ ಹಾಕಿ, ಜೋಡಣೆಗೆ ಸೀಲರ್ ಹಚ್ಚಿ, ಮೇಣದಂಥ ತುಕ್ಕುನಿರೋಧಕ ಸಿಂಪಡಿಸದಿದ್ದರೆ ಹೊರಗಿನ ಹೊಳಪು ಹೆಚ್ಚು ಮಳೆಗಾಲ ಬಾಳುವುದಿಲ್ಲ. ತಳದ ರಂಧ್ರಗಳು ಮಾತ್ರ ತೆರೆದೇ ಇರಬೇಕು.

ಪುಟ್ಟಿ ಕೆಟ್ಟದ್ದೇ? ಅಲ್ಲ. ಸ್ವಚ್ಛ ಲೋಹದ ಮೇಲೆ ಸಣ್ಣ ಏರಿಳಿತ ಸಮ ಮಾಡಲು ತೆಳುವಾಗಿ ಹಚ್ಚಿದರೆ ಒಳ್ಳೆಯದು. ತುಕ್ಕಿನ ಮೇಲೆ ಬಳಿದರೆ ಅದು ತೇವ ಹೀರಿ ಬಿರುಕು ಬಿಡುತ್ತದೆ, ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಹಳೇ ಕಾರು ಕೊಳ್ಳುವಾಗ ಒಂದು ಪುಟ್ಟ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗೆ ಹಿಡಿದು ನೋಡಿ. ಮೇಲೆ ಗಟ್ಟಿಯಾಗಿ ಹಿಡಿದು, ಕೆಳಗೆ ಜಾರಿ ಬಿದ್ದರೆ ಅಲ್ಲಿ ದಪ್ಪ ಪುಟ್ಟಿ ಇರುವ ಸಾಧ್ಯತೆ ಹೆಚ್ಚು. ಬಾಗಿಲಿನ ಹಿಂಜ್ ಕೂರುವ ಕಂಬವನ್ನೂ ಪರೀಕ್ಷಿಸಿ. ಬಾಗಿಲಿನ ತಳದ ತೂತು ಹೆಚ್ಚಾಗಿ ಅಂದದ ಪ್ರಶ್ನೆ. ಹಿಂಜ್ ಕಂಬದ ತುಕ್ಕು ಜೀವದ ಪ್ರಶ್ನೆ, ಅಪಘಾತದಲ್ಲಿ ಬಾಗಿಲನ್ನು ಹಿಡಿದಿಡುವುದು ಅದೇ.

ನೀವು ಮನೆಯಲ್ಲೇ ಮಾಡಬಹುದಾದದ್ದು

ಮಳೆಗಾಲಕ್ಕೆ ಮೊದಲು ಬಾಗಿಲು ತೆರೆದು ತಳದ ರಂಧ್ರಗಳಲ್ಲಿ ಒಂದು ಪ್ಲಾಸ್ಟಿಕ್ ಕಡ್ಡಿ ಆಡಿಸಿ. ಗಾಜಿನ ಮೇಲೆ ಒಂದು ಚೊಂಬು ನೀರು ಹಾಕಿ, ಕೆಳಗಿನಿಂದ ಸೋರುತ್ತದೆಯೇ ನೋಡಿ. ಸೋರಿದರೆ ಒಳ್ಳೆಯದು, ಸೋರದಿದ್ದರೆ ನೀರು ಒಳಗೇ ನಿಂತಿದೆ. ಬಿರುಕು ಬಿಟ್ಟ ರಬ್ಬರ್ ಬದಲಿಸಿ. ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ತೇವ ಒಳಗೇ ಉಳಿಯುತ್ತದೆ.

ಒಟ್ಟಿನಲ್ಲಿ ಕೋಲಾ ವಿಡಿಯೊ ಅರ್ಧಸತ್ಯ. ಅದು ಕಣ್ಣಿಗೆ ಕಾಣುವ ಕಲೆಯನ್ನು ತೆಗೆಯಬಹುದು, ಬಾಗಿಲನ್ನು ತಿನ್ನುವ ನೀರನ್ನು ತೆಗೆಯುವುದಿಲ್ಲ. ಆ ವಿಡಿಯೊ ಮತ್ತೆ ಗ್ರೂಪಿಗೆ ಬಂದರೆ ತಳದ ರಂಧ್ರದ ವಿಷಯವನ್ನೂ ಜೊತೆಗೆ ಕಳುಹಿಸಿ.